ರುದಂತಿ: ಸವಳು ನೆಲದ ಸಾಕ್ಷಿ

ಹಿಂಗಾರಿನ ದಿನಗಳಲ್ಲಿ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರದ ಕಡೆಗೋ ಮುಂಡರಗಿಯ ಕಡೆಗೋ ಹೊರಟರೆ ರಸ್ತೆಯ ಎರಡೂ ಬದಿಗೆ ಎರೆ ಹೊಲಗಳು ಕಾಣುತ್ತವೆ. ಬಿಳಿಜೋಳ, ಕಡಲೆ, ಕುಸುಬಿ ಇಲ್ಲಿನ ಬೆಳೆಗಳು. ಚಳಿಗಾಲದ ಬೆಳಗಿನಲ್ಲಿ ಕಡಲೆ ಹೊಲದೊಳಗೆ ಬರಿಗಾಲಿನಲ್ಲಿ ನಡೆದವರಿಗೆ ಕಾಲು ಚುರುಗುಟ್ಟುವ ಅನುಭವ ಆಗಿಯೇ ಇರುತ್ತದೆ. ಕಡಲೆ ಗಿಡದ ಮೈಮೇಲಿನ ಸೂಕ್ಷ್ಮ ರೋಮಗಳು ಸ್ರವಿಸುವ ಹುಳಿಯೇ ಇದಕ್ಕೆ ಕಾರಣ. ಅದರಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿರುತ್ತವೆ. ರಾತ್ರಿ ಬೆಳೆಯ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಡನೆ ಅದನ್ನು ಹಿಂಡಿ 'ಕಡಲೆ ಹುಳಿ' ಸಂಗ್ರಹಿಸಿ, ಅಜೀರ್ಣಕ್ಕೆ ಮದ್ದೆಂದು ಇಟ್ಟುಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಇತ್ತು.

ಕಡಲೆ ಗಿಡವನ್ನೇ ನೆನಪಿಸುವ ಇನ್ನೊಂದು ಪುಟ್ಟ ಗಿಡವಿದೆ. ಅದರ ಎಲೆಗಳ ಮೇಲೂ ಬೆಳಗಿನ ಹೊತ್ತು ಹನಿಗಳು ಕಾಣಿಸುತ್ತವೆ. ಆದರೆ ಆ ಹನಿಯ ರುಚಿ ಹುಳಿಯಲ್ಲ, ಉಪ್ಪು. ಸಮುದ್ರತೀರದ ಉಪ್ಪು ಜೌಗಿನಲ್ಲಿ, ಒಣಗುತ್ತಿರುವ ಕೆರೆಯಂಗಳದಲ್ಲಿ, ಒಳನಾಡಿನ ಸವಳು ನೆಲದಲ್ಲಿ ಅದು ಬೆಳೆಯುತ್ತದೆ. ಸಂಸ್ಕೃತದಲ್ಲಿ ಅದರ ಹೆಸರು ರುದಂತೀ, ಅಂದರೆ ಅಳುವವಳು. ಕನ್ನಡದಲ್ಲಿ ರುದಂತಿ, ರುದ್ರವಂತಿ ಎಂದು ಕರೆಯುತ್ತಾರೆ. ಸಸ್ಯವಿಜ್ಞಾನಿಗಳಿಗೆ ಅದು ಕ್ರೆಸ್ಸಾ ಕ್ರೆಟಿಕಾ.

ಈ ಗಿಡವನ್ನು ಮನುಷ್ಯ ಶತಮಾನಗಳಿಂದ ಬಲ್ಲ. ಅದರಲ್ಲಿ ಚಿನ್ನ ಹುಡುಕಿದ, ಸಂಜೀವಿನಿ ಹುಡುಕಿದ. ಕಾಲ ಕೆಳಗಿನ ಮಣ್ಣಿನ ಬಗ್ಗೆ ಅದು ಹೇಳುತ್ತಿದ್ದ ಮಾತನ್ನು ಮಾತ್ರ ಬಹಳ ತಡವಾಗಿ ಕೇಳಿಸಿಕೊಂಡ. ನೀರಾವರಿಯ ಕಾಲುವೆಗಳು ಎರೆ ಭೂಮಿಗೆ ಇಳಿದಿರುವ ಈ ದಿನಗಳಲ್ಲಿ ಅದರ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಉಪಯುಕ್ತ.

ಹೆಸರುಗಳೊಳಗಿನ ವಿಜ್ಞಾನ

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ 'ಸ್ಪೀಶೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ಈ ಗಿಡಕ್ಕೆ ಕ್ರೆಸ್ಸಾ ಕ್ರೆಟಿಕಾ ಎಂಬ ಹೆಸರಿಟ್ಟ. 'ಕ್ರೆಸ್ಸಾ' ಎಂದರೆ ಕ್ರೀಟ್ ದ್ವೀಪದ ಹೆಣ್ಣು, 'ಕ್ರೆಟಿಕಾ' ಎಂದರೆ ಕ್ರೀಟಿಗೆ ಸೇರಿದ್ದು. ಹೀಗೆ ಎರಡು ಪದಗಳೂ ಮೆಡಿಟರೇನಿಯನ್ ಸಮುದ್ರದ ಒಂದೇ ದ್ವೀಪವನ್ನು ಹೇಳುತ್ತವೆ. ಗಿಡ ಎಲ್ಲಿಯದೆಂದು ಈ ಹೆಸರಿನಿಂದ ತಿಳಿಯಬಹುದು. ಗಿಡ ಹೇಗಿದೆ ಎಂದು ತಿಳಿಯುವುದಿಲ್ಲ.

ನಮ್ಮ ವೈದ್ಯಕೀಯ ನಿಘಂಟುಗಳು ಕೊಡುವ ಹೆಸರುಗಳನ್ನು ನೋಡಿ. ಚಣಪತ್ರೀ ಎಂದರೆ ಕಡಲೆಯಂಥ ಎಲೆಯುಳ್ಳದ್ದು. ರೋಮಾಂಚಿಕಾ ಎಂದರೆ ಮೈಯೆಲ್ಲ ರೋಮವುಳ್ಳದ್ದು. ಸ್ರವತ್ತೋಯಾ ಎಂದರೆ ನೀರು ಸ್ರವಿಸುವಂಥದ್ದು. ಹನಿ ಕಾಣಿಸುವುದು ಶಿಶಿರ ಋತುವಿನಲ್ಲಿ ಎಂಬ ವಿವರಣೆಯೂ ಇದೆ. ಇವು ಬರಿಯ ಹೊಗಳಿಕೆಯ ಮಾತುಗಳಲ್ಲ, ಯಾರೋ ಗಿಡದ ಮುಂದೆ ಕುಳಿತು ಕಣ್ಣಾರೆ ಕಂಡು ಹೇಳಿದವು. ಇಂದಿನ ಸಸ್ಯವಿಜ್ಞಾನದ ವಿವರಣೆಯೊಂದಿಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

ರುದಂತಿ ಕನ್ವಾಲ್ವುಲೇಸಿ ಕುಟುಂಬಕ್ಕೆ, ಅಂದರೆ ಗೆಣಸು ಮತ್ತು ವಿಷ್ಣುಕ್ರಾಂತಿಗಳ ಬಳಗಕ್ಕೆ ಸೇರಿದೆ. ಆದರೆ ಇದು ಬಳ್ಳಿಯಲ್ಲ. ಗೇಣುದ್ದ, ಹೆಚ್ಚೆಂದರೆ ಮೊಳದಷ್ಟು ಎತ್ತರದ, ಬುಡದಲ್ಲಿ ಗಟ್ಟಿಯಾದ, ಬಹಳ ಕವಲೊಡೆಯುವ ಗಿಡ. ಎಲೆಗಳು ಕೆಲವೇ ಮಿಲಿಮೀಟರ್ ಉದ್ದವಿದ್ದು ತೊಟ್ಟಿಲ್ಲದೆ ಕಾಂಡಕ್ಕೆ ಒತ್ತಾಗಿ ಜೋಡಣೆಯಾಗಿರುತ್ತವೆ. ರೋಮಗಳಿಂದಾಗಿ ಇಡೀ ಗಿಡ ಬೂದು ಬಣ್ಣವಾಗಿ ಕಾಣುತ್ತದೆ. ರೆಂಬೆಗಳ ತುದಿಯಲ್ಲಿ ಗೊಂಚಲು ಗೊಂಚಲಾಗಿ ಬಿಳಿ ಅಥವಾ ನಸುಗೆಂಪು ಬಣ್ಣದ ಪುಟ್ಟ ಹೂಗಳು ಅರಳುತ್ತವೆ. ಹೂವಿನಲ್ಲಿ ಐದು ದಳಗಳು. ಐದು ಕೇಸರಗಳು ಹೊರಚಾಚಿರುತ್ತವೆ. ಕಾಯಿ ಕೊತ್ತಂಬರಿ ಬೀಜದಷ್ಟು ಚಿಕ್ಕದು. ಈ ಕಾಯಿಯ ಗಾತ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಿಡ ಅಳುವುದೇಕೆ?

ಉಪ್ಪು ನೆಲದಲ್ಲಿ ಬದುಕುವ ಸಸ್ಯಕ್ಕೆ ಎರಡು ತೊಂದರೆಗಳು. ಮೊದಲನೆಯದು ನೀರಿನದು. ಮಣ್ಣಿನ ದ್ರಾವಣದಲ್ಲಿ ಲವಣ ಹೆಚ್ಚಾದಷ್ಟೂ ಬೇರು ನೀರನ್ನು ಎಳೆದುಕೊಳ್ಳುವುದು ಕಷ್ಟ. ಆದ್ದರಿಂದ ನೀರು ನಿಂತ ಹೊಲದಲ್ಲೂ ಬೆಳೆ ಬಾಯಾರಿ ಬಾಡುತ್ತದೆ. ಎರಡನೆಯದು ವಿಷದ್ದು. ನೀರಿನ ಜೊತೆ ಒಳಗೆ ಬಂದ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಕೋಶದ ಕಿಣ್ವಗಳ ಕೆಲಸವನ್ನು ಕೆಡಿಸುತ್ತವೆ.

ಲವಣಸಹಿಷ್ಣು ಸಸ್ಯಗಳು ಇದಕ್ಕೆ ಬೇರೆ ಬೇರೆ ಉಪಾಯಗಳನ್ನು ಕಂಡುಕೊಂಡಿವೆ. ಕೆಲವು ಬೇರಿನಲ್ಲೇ ಉಪ್ಪನ್ನು ತಡೆಯುತ್ತವೆ. ಕೆಲವು ದಪ್ಪನೆಯ ರಸಭರಿತ ಎಲೆಗಳಲ್ಲಿ ಅದನ್ನು ಕೂಡಿಟ್ಟುಕೊಳ್ಳುತ್ತವೆ. ರುದಂತಿಯ ದಾರಿ ಮೂರನೆಯದು. ಅದರ ಎಲೆ ಮತ್ತು ಎಳೆಯ ಕಾಂಡಗಳ ಮೇಲ್ಮೈಯಲ್ಲಿ ಲವಣಗ್ರಂಥಿಗಳಿವೆ. ಒಳಗೆ ಸೇರಿದ ಉಪ್ಪನ್ನು ಅವು ಶಕ್ತಿ ವ್ಯಯಿಸಿ ಹೊರಹಾಕುತ್ತವೆ.

ಹಾಗಾದರೆ ಹನಿಗಳು ಚಳಿಗಾಲದ ಬೆಳಗಿನಲ್ಲೇ ಏಕೆ ಎದ್ದು ಕಾಣುತ್ತವೆ? ಹಗಲಿನ ಬಿಸಿಲಿಗೆ ಸ್ರಾವದ ನೀರು ಆರಿ ಎಲೆಯ ಮೇಲೆ ಉಪ್ಪಿನ ಹರಳು ಉಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75ನ್ನು ದಾಟಿದಾಗ ಅಡುಗೆ ಉಪ್ಪು ತೇವಾಂಶವನ್ನು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ಆಗುವುದೂ ಇದೇ. ತಂಪಾದ ರಾತ್ರಿಯಲ್ಲಿ ಗಾಳಿಯ ಆರ್ದ್ರತೆ ಏರುತ್ತದೆ, ಹರಳು ನೀರು ಕುಡಿದು ಹನಿಯಾಗುತ್ತದೆ. ಶಿಶಿರದ ಕಣ್ಣೀರಿನ ಗುಟ್ಟು ಇಷ್ಟೆ.

ಚಿನ್ನದ ಆಸೆ, ಮದ್ದಿನ ಗೊಂದಲ

ಕಾರಣ ತಿಳಿಯದ ಕಾಲದಲ್ಲಿ ಈ ಕಣ್ಣೀರು ದೊಡ್ಡ ಬೆರಗಾಗಿತ್ತು. ಸುತ್ತಲಿನದೆಲ್ಲ ಒಣಗಿದಾಗಲೂ ಮೈಯಿಂದ ನೀರು ಜಿನುಗಿಸುವ ಗಿಡ ದಿವ್ಯವಾದದ್ದೇ ಇರಬೇಕು ಎಂದು ಜನ ಭಾವಿಸಿದರು. ನಿಘಂಟುಗಳಲ್ಲಿ ಅದಕ್ಕೆ ಸಂಜೀವನೀ, ಅಮೃತಸ್ರವಾ ಎಂಬ ಹೆಸರುಗಳೂ ಸೇರಿದವು. ಪಾದರಸವನ್ನು ಸಂಸ್ಕರಿಸುವ ರಸಶಾಸ್ತ್ರದ ಗ್ರಂಥಗಳಲ್ಲಿ ರುದಂತಿಗೆ ಸ್ಥಾನ ದೊರೆಯಿತು. ಕೀಳು ಲೋಹವನ್ನು ಚಿನ್ನ ಮಾಡುವ ಶಕ್ತಿ ಅದಕ್ಕಿದೆ ಎಂಬ ನಂಬಿಕೆ ಹಬ್ಬಿತು.

ಕೀರ್ತಿಯ ಜೊತೆಗೆ ಗೊಂದಲವೂ ಬಂತು. ಹಿಮಾಲಯದ ಕಡೆ ಅಸ್ಟ್ರಗಾಲಸ್ ಕುಲದ ಬೇರೊಂದು ಗಿಡಕ್ಕೆ ರುದಂತಿ ಎಂಬ ಹೆಸರು ಹತ್ತಿತು. ಇಪ್ಪತ್ತನೆಯ ಶತಮಾನದಲ್ಲಿ ಕ್ಷಯಕ್ಕೆ ಮದ್ದೆಂದು 'ರುದಂತಿ ಫಲ'ದ ಪುಡಿ ಮತ್ತು ಕ್ಯಾಪ್ಸೂಲುಗಳು ಮಾರುಕಟ್ಟೆಗೆ ಬಂದವು. ಆ ಫಲ ಬಂದದ್ದು ಪಶ್ಚಿಮಘಟ್ಟದ ಕಾಡಿನ ಕ್ಯಾಪಾರಿಸ್ ಮೂನಿಯೈ ಎಂಬ ಮುಳ್ಳುಬಳ್ಳಿಯಿಂದ. ಅದರ ಹಣ್ಣು ನಿಂಬೆಹಣ್ಣಿಗಿಂತ ದೊಡ್ಡದು. ನಮ್ಮ ರುದಂತಿಯ ಕಾಯಿಯಾದರೋ ಕೊತ್ತಂಬರಿ ಬೀಜದಷ್ಟು! ಎರಡನ್ನೂ ಅಂಗೈಯಲ್ಲಿಟ್ಟು ನೋಡಿದ ಯಾರಿಗೂ ವ್ಯತ್ಯಾಸ ತಿಳಿಯದೆ ಇರದು. ಆದರೂ ಹೆಸರೊಂದು, ವಸ್ತುವೊಂದು ಎಂಬ ಸ್ಥಿತಿ ದಶಕಗಳ ಕಾಲ ಮುಂದುವರಿಯಿತು.

ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತಿತ್ತು. 1952ರಲ್ಲಿ ಐಸೊನಯಜಿಡ್ ಬಳಕೆಗೆ ಬಂತು. ಕ್ಷಯಕ್ಕೆ ಪರೀಕ್ಷಿತ ಚಿಕಿತ್ಸೆ ಇರುವಾಗ ರೋಗಿಯೊಬ್ಬ ಹೆಸರಿನ ಮಹಿಮೆಯನ್ನು ನಂಬಿ ತಿಂಗಳುಗಟ್ಟಲೆ ಕಾಯ್ದರೆ, ಅಪಾಯ ಅವನಿಗೂ ಅವನ ಮನೆಯವರಿಗೂ. ಗಿಡವೊಂದನ್ನು ಔಷಧಿ ಎನ್ನುವ ಮೊದಲು ಅದು ಯಾವ ಗಿಡ ಎಂದು ಖಚಿತಪಡಿಸಿಕೊಳ್ಳಬೇಕು. ವೈಜ್ಞಾನಿಕ ಹೆಸರಿನ ಬೆಲೆ ತಿಳಿಯುವುದು ಇಂಥಲ್ಲಿಯೇ.

ಉಪ್ಪು ಬೇಕಾಗಿದ್ದ ಕಾಲ

ಗಿಡದಿಂದ ಈಗ ಅದು ನಿಂತ ನೆಲಕ್ಕೆ ಬರೋಣ. ಸವಳು ನೆಲ ಒಂದು ಕಾಲಕ್ಕೆ ಪೂರ್ತಿ ನಿರುಪಯೋಗಿಯಾಗಿರಲಿಲ್ಲ. ಕರಾವಳಿಯಿಂದ ದೂರವಿದ್ದ ನಾಡಿಗೆ ಸಮುದ್ರದ ಉಪ್ಪು ಎತ್ತಿನ ಹೇರಿನ ಮೇಲೆ ಘಟ್ಟ ಹತ್ತಿ ಬರಬೇಕಿತ್ತು. ಆದ್ದರಿಂದ ಬಯಲುಸೀಮೆಯ ಹಲವೆಡೆ ಮಣ್ಣಿನಿಂದಲೇ ಉಪ್ಪು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಮೂಡಿದ ಪದರವನ್ನು ಕೆರೆದು, ಗುಂಡಿಯಲ್ಲಿ ತುಂಬಿ, ನೀರು ಹಾಯಿಸಿ, ಬಸಿದ ಉಪ್ಪುನೀರನ್ನು ಬಿಸಿಲಿಗಿಟ್ಟು ಆರಿಸುವುದು ಅದರ ವಿಧಾನ. ಉಪ್ಪಾರ ಸಮುದಾಯದ ಹೆಸರಿನಲ್ಲೇ ಈ ಕಸುಬು ಉಳಿದಿದೆ. ಬ್ರಿಟಿಷ್ ಸರ್ಕಾರ ಉಪ್ಪಿನ ಮೇಲೆ ಏಕಸ್ವಾಮ್ಯ ಸ್ಥಾಪಿಸಿ ತೆರಿಗೆ ಹೇರಿದ ಮೇಲೆ ಮಣ್ಣುಪ್ಪಿನ ತಯಾರಿಕೆ ಅಪರಾಧವಾಯಿತು. ಕಸುಬು ಕಳೆದುಕೊಂಡವರು ಮಣ್ಣಿನ ಕೆಲಸ, ಗಾರೆ ಕೆಲಸಗಳತ್ತ ಹೊರಳಿದರು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಮುರಿದದ್ದು ಇದೇ ಕಾನೂನನ್ನು.

ಆ ಕಾಲದ ಸವಳು ನೆಲ ತುಂಡು ತುಂಡಾಗಿತ್ತು. ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ, ಕೆರೆಯ ಅಂಚಿನಲ್ಲಿ ಇರುತ್ತಿತ್ತು. ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಬೀಳುವ ಈ ಭಾಗದಲ್ಲಿ ಎರೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಬೆಳೆ ಬರುತ್ತಿತ್ತು. ಅಂತರ್ಜಲ ಆಳದಲ್ಲಿತ್ತು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಆ ಹೆಸರಿನಲ್ಲೇ ಕೆರೆ ಇದೆ. ಆದರೆ ಇಲ್ಲಿನ ಕೆರೆಗಳು ಬೇಸಿಗೆಗೆ ಬತ್ತುವಂಥವು. ಮಣ್ಣಿನ ಆಳದ ಉಪ್ಪು ಆಳದಲ್ಲೇ ಉಳಿದಿತ್ತು.

ನೀರಿನ ಜೊತೆ ಬರುವ ಉಪ್ಪು

ನೀರಾವರಿ ಈ ಸಮತೋಲನವನ್ನು ಬದಲಿಸುತ್ತದೆ. ಒಂದು ಚಿಕ್ಕ ಲೆಕ್ಕ ಮಾಡೋಣ. ನದಿಯ ನೀರು ಸಿಹಿಯಾಗಿದ್ದರೂ ಅದರಲ್ಲಿ ಕರಗಿದ ಲವಣ ಇದ್ದೇ ಇರುತ್ತದೆ. ಒಂದು ಲೀಟರಿಗೆ 200 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಂದು ಹೆಕ್ಟೇರಿಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ ಅದು 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್. ಅದರೊಂದಿಗೆ ಹೊಲಕ್ಕೆ ಬಂದ ಲವಣ 2,000 ಕಿಲೋಗ್ರಾಂ. ಬೆಳೆ ನೀರನ್ನು ಹೀರಿ ಆವಿಯಾಗಿಸುತ್ತದೆ, ಲವಣವನ್ನು ಬಹುಪಾಲು ಮಣ್ಣಿನಲ್ಲೇ ಬಿಡುತ್ತದೆ. ಬಸಿದು ಹೋಗಲು ದಾರಿ ಇಲ್ಲದಿದ್ದರೆ ವರ್ಷ ವರ್ಷವೂ ಎರಡು ಟನ್!

ಇದಕ್ಕಿಂತ ದೊಡ್ಡ ಅಪಾಯ ಕೆಳಗಿನಿಂದ ಬರುತ್ತದೆ. ಹೆಚ್ಚಾದ ನೀರು ಇಂಗಿ ಅಂತರ್ಜಲ ಮೇಲೇರುತ್ತದೆ. ಅದು ನೆಲದಿಂದ ಒಂದೂವರೆ-ಎರಡು ಮೀಟರಿನೊಳಗೆ ಬಂದಾಗ ಲೋಮನಾಳ ಕ್ರಿಯೆಯಿಂದ ನೀರು ಮೇಲಕ್ಕೆ ಹತ್ತಿ, ಆವಿಯಾಗಿ, ತಂದ ಉಪ್ಪನ್ನು ಮೇಲ್ಪದರದಲ್ಲಿ ಬಿಡುತ್ತದೆ. ಎರೆ ಮಣ್ಣಿನ ಜೇಡಿ ಒದ್ದೆಯಾದಾಗ ಉಬ್ಬಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಬಸಿಯುವುದು ಇನ್ನೂ ನಿಧಾನ. ಮೊದಲು ಜವಳು, ಹಿಂದೆಯೇ ಸವಳು. ಉತ್ತರ ಕರ್ನಾಟಕದ ರೈತ 'ಸವಳು-ಜವಳು' ಎಂದು ಎರಡನ್ನೂ ಒಟ್ಟಿಗೆ ಹೇಳುವುದರ ಹಿಂದೆ ಈ ತಿಳಿವಳಿಕೆಯಿದೆ.

ಈ ಪಾಠ ಜಗತ್ತಿಗೆ ಹೊಸದಲ್ಲ. ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ ಕ್ರಿ.ಪೂ. 3500ರ ಹೊತ್ತಿಗೆ ಗೋದಿ ಮತ್ತು ಜವೆಗೋದಿ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಬೆಳೆಯುತ್ತಿದ್ದವು. ಕ್ರಿ.ಪೂ. 1700ರ ಹೊತ್ತಿಗೆ ಉಪ್ಪನ್ನು ತಾಳಲಾರದ ಗೋದಿ ಅಲ್ಲಿಂದ ಮರೆಯಾಗಿತ್ತು. ಜೇಕಬ್‌ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ಈ ವಿಷಯವನ್ನು ಜಗತ್ತಿನ ಗಮನಕ್ಕೆ ತಂದರು.

ಗಿಡವನ್ನು ಓದಿದವರು

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಣ್ಣು ವಿಜ್ಞಾನಿ ಯೂಜಿನ್ ಹಿಲ್ಗಾರ್ಡ್ ಕ್ಷಾರ ಭೂಮಿಗಳನ್ನು ಅಧ್ಯಯನ ಮಾಡುತ್ತಿದ್ದ. ನೆಲದ ಮೇಲೆ ತಾನಾಗಿ ಬೆಳೆದ ಗಿಡಗಳನ್ನು ನೋಡಿ ಮಣ್ಣಿನ ಉಪ್ಪನ್ನು ಅಂದಾಜು ಮಾಡಬಹುದೆಂದು ಅವನು ಕಂಡುಕೊಂಡ. 1906ರಲ್ಲಿ ಪ್ರಕಟವಾದ ಅವನ 'ಸಾಯಿಲ್ಸ್' ಗ್ರಂಥದಲ್ಲಿ ಅಂಥ ಸೂಚಕ ಸಸ್ಯಗಳ ಪಟ್ಟಿಯಿದೆ. ಅದರಲ್ಲಿ ಕ್ರೆಸ್ಸಾ ಕೂಡ ಒಂದು. ಅದು ನಮ್ಮ ರುದಂತಿಯ ಹತ್ತಿರದ ನೆಂಟ. ನಮ್ಮಲ್ಲಿ ಚಿನ್ನ ಮಾಡುವ ಗಿಡವೆಂದು ಹೆಸರಾದದ್ದು ಅಲ್ಲಿ ಭೂಮಿ ಕೊಳ್ಳುವ ರೈತನಿಗೆ ಎಚ್ಚರಿಕೆಯ ಫಲಕವಾಯಿತು.

ನಾಲ್ಕು ವರ್ಷಗಳ ನಂತರ ಎಚ್ಚರಿಕೆ ನಮ್ಮ ಮನೆಬಾಗಿಲಿಗೇ ಬಂತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅದೇ ಪ್ರಾಂತ್ಯದ ಪುಣೆ ಕಡೆಯ ನೀರಾ ಕಾಲುವೆಯ ಕೆಳಗೆ ಕಬ್ಬಿನ ಬೆಳೆಯ ಹಿಂದೆಯೇ ಉಪ್ಪು ಹಬ್ಬಿತ್ತು. ಹೆರಾಲ್ಡ್ ಮ್ಯಾನ್ ಮತ್ತು ವಿ.ಎ. ತಾಮ್ಹಣೆ 1910ರಲ್ಲಿ ನೀರಾ ಕಣಿವೆಯ ಉಪ್ಪು ಭೂಮಿಗಳ ಬಗ್ಗೆ ವರದಿ ಪ್ರಕಟಿಸಿದರು. ದಖನ್ನಿನ ಕಪ್ಪು ಮಣ್ಣಿಗೆ ಬಸಿಗಾಲುವೆಯಿಲ್ಲದೆ ನೀರು ಬಿಟ್ಟರೆ ಏನಾಗುತ್ತದೆ ಎಂಬುದು ಅಂದೇ ಕಾಗದದ ಮೇಲೆ ದಾಖಲಾಗಿತ್ತು.

ತುಂಗಭದ್ರಾ ಜಲಾಶಯದ ನೀರು 1953ರಿಂದ ಹರಿಯತೊಡಗಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಹತ್ತಾರು ಸಾವಿರ ಹೆಕ್ಟೇರ್ ನೆಲ ಸವಳಾಯಿತು. 1970ರ ದಶಕದಲ್ಲಿ ನವಿಲುತೀರ್ಥದಿಂದ ಮಲಪ್ರಭೆಯ ನೀರು ನವಲಗುಂದ, ನರಗುಂದಗಳ ಎರೆ ಭೂಮಿಗೆ ಬಂತು. ನೀರಾವರಿಯಿಂದ ಭೂಮಿ ಉತ್ತಮಗೊಂಡಿದೆ ಎಂದು ಸರ್ಕಾರ 'ಬೆಟರ್‌ಮೆಂಟ್ ಲೆವಿ' ಎಂಬ ಅಭಿವೃದ್ಧಿ ಕರ ಕೇಳಿತು. ಕೆಲವರ ಹೊಲಕ್ಕೆ ನೀರೇ ಮುಟ್ಟಿರಲಿಲ್ಲ, ಕೆಲವರ ಹೊಲ ಜವಳು ಹಿಡಿದಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ನಡೆದ ಪ್ರತಿಭಟನೆ ಗೋಲಿಬಾರಿನಲ್ಲಿ ಕೊನೆಗೊಂಡು ರೈತರು ಪ್ರಾಣ ಕಳೆದುಕೊಂಡರು. ರಾಜ್ಯದ ರೈತ ಚಳವಳಿಗೆ ತಿರುವು ಕೊಟ್ಟ ಘಟನೆ ಇದು. 'ಉತ್ತಮಗೊಂಡ ಭೂಮಿ' ಎಂದರೆ ಯಾವುದು ಎಂಬ ಪ್ರಶ್ನೆ ಅದರೊಳಗಿತ್ತು. ಕಾಲುವೆಯ ಉದ್ದ ನೋಡಿ ಅದಕ್ಕೆ ಉತ್ತರ ಹೇಳಲಾಗದು, ಮಣ್ಣನ್ನು ನೋಡಿ ಹೇಳಬೇಕು.

ಇನ್ನು ಮುಂಡರಗಿ, ಶಿರಹಟ್ಟಿ

ಈಗ ಸರದಿ ಗದಗ ಜಿಲ್ಲೆಯ ದಕ್ಷಿಣ ಭಾಗದ್ದು. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಕಟ್ಟಿದ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿ ಯೋಜನೆ ನೀರನ್ನು ಮೇಲೆತ್ತುತ್ತದೆ. ಬರವನ್ನೇ ಕಂಡ ನೆಲಕ್ಕೆ ಅದು ವರವೇ ಸರಿ. ಅದನ್ನು ವರವಾಗಿಯೇ ಉಳಿಸಿಕೊಳ್ಳಲು ಬೇಕಾದ ತಿಳಿವಳಿಕೆ ಈಗ ನಮ್ಮಲ್ಲಿದೆ. ಅಳತೆಯರಿತ ನೀರು, ಹನಿ ಮತ್ತು ತುಂತುರು ನೀರಾವರಿ, ತಗ್ಗಿನಲ್ಲಿ ಬಸಿಗಾಲುವೆ, ಅಗತ್ಯವಿದ್ದಲ್ಲಿ ಸುಮಾರು ಒಂದು ಮೀಟರ್ ಆಳದಲ್ಲಿ ತೂತುಕೊಳವೆಗಳ ಒಳಬಸಿ ವ್ಯವಸ್ಥೆ, ಸೋಡಿಯಂ ಹೆಚ್ಚಾದ ಮಣ್ಣಿಗೆ ಜಿಪ್ಸಂ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ನಿರ್ವಹಣೆಯ ಬಗ್ಗೆ ದೀರ್ಘಕಾಲದ ಸಂಶೋಧನೆ ನಡೆದಿದೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಸವಳು ಮಣ್ಣೆಂದು ಪರಿಗಣಿಸುತ್ತಾರೆ. ಪರೀಕ್ಷೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ಸಲಹೆ ಪಡೆಯಬಹುದು.

ಒಂದು ಮಾತು ಮುಖ್ಯ. ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವುದಿಲ್ಲ. ಮೇಲಿನವನು ಹೆಚ್ಚು ನೀರು ಹಾಯಿಸಿದರೆ ಕೆಳಗಿನವನ ಹೊಲ ಬೆಳ್ಳಗಾಗುತ್ತದೆ. ಆದ್ದರಿಂದ ಪರಿಹಾರವೂ ಊರೊಟ್ಟಿನದೇ ಆಗಬೇಕು. ದೇಶದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾದದ್ದು 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಾಲಕ್ಕಾಗಿ ಅಂದು ಒಂದಾದ ನಾಡು, ಮಣ್ಣಿಗಾಗಿ ಇಂದು ಒಂದಾಗಲಾರದೆ?

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಔಷಧೀಯ ಸಸ್ಯ ಎಂದೊಡನೆ ಇಲ್ಲಿನವರ ಕಣ್ಣು ಕಪ್ಪತಗುಡ್ಡದ ಕಡೆ ಹೋಗುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಚಾಚಿರುವ ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ರುದಂತಿಯನ್ನು ನೋಡಬೇಕಾದರೆ ಗುಡ್ಡ ಹತ್ತಬಾರದು, ತಗ್ಗಿಗೆ ಇಳಿಯಬೇಕು. ಬೇಸಿಗೆಯಲ್ಲಿ ಊರ ತಗ್ಗಿನ ಹೊಲ, ಹಳ್ಳದ ದಂಡೆ, ಬತ್ತಿದ ಕೆರೆಯಂಗಳಗಳಲ್ಲಿ ಬೆಳ್ಳನೆಯ ಪದರ ಎಲ್ಲೆಲ್ಲಿದೆ, ಅಲ್ಲಿ ಯಾವ ಗಿಡಗಳಿವೆ ಎಂದು ಪಟ್ಟಿ ಮಾಡಿ ಊರಿನ ನಕ್ಷೆಯಲ್ಲಿ ಗುರುತಿಸಿ. ಪ್ರತಿ ವರ್ಷ ಅದೇ ತಿಂಗಳಲ್ಲಿ ಇದನ್ನೇ ಮಾಡಿ. ಐದು ವರ್ಷಗಳ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಸವಳು ಹಬ್ಬುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಗಿಡ ಇಲ್ಲದ ಮಾತ್ರಕ್ಕೆ ಉಪ್ಪಿಲ್ಲ ಎನ್ನುವಂತಿಲ್ಲ. ಗಿಡದ್ದು ಸುಳಿವು, ತೀರ್ಮಾನ ಮಣ್ಣು ಪರೀಕ್ಷೆಯದು.

ಗಿಡ ಸಿಕ್ಕರೆ ಒಂದು ಪ್ರಯೋಗ. ನಾಲ್ಕಾರು ರೆಂಬೆಗಳನ್ನು ಸ್ವಲ್ಪ ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಅಲುಗಾಡಿಸಿ ಹೊರತೆಗೆಯಿರಿ. ಶೋಧಿಸಿದ ಆ ನೀರಿಗೆ ಎರಡು ಹನಿ ದುರ್ಬಲ ನೈಟ್ರಿಕ್ ಆಮ್ಲ, ಅನಂತರ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ. ಬಿಳಿಯ ಒತ್ತರ ಬಂದರೆ ಅದು ಸಿಲ್ವರ್ ಕ್ಲೋರೈಡ್. ಕಡಲೆ ಎಲೆಯ ಇಬ್ಬನಿಗೆ ನೀಲಿ ಲಿಟ್ಮಸ್ ತಾಗಿಸಿ ಅದು ಕೆಂಪಾಗುವುದನ್ನೂ ನೋಡಿ. ನೋಟದಲ್ಲಿ ಒಂದೇ ಬಗೆಯ ಹನಿಗಳು, ರಸಾಯನದಲ್ಲಿ ಬೇರೆ ಬೇರೆ. ಪ್ರಯೋಗವನ್ನು ಶಿಕ್ಷಕರ ಸಮ್ಮುಖದಲ್ಲೇ ಮಾಡಬೇಕು. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಕಪ್ಪು ಕಲೆಯಾಗುತ್ತದೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಶಾಲೆಗಳಿಂದ ಪ್ರವಾಸ ಹೋಗುವುದುಂಟು. ಮಳೆನೀರನ್ನು ಹಿಡಿದಿಡಲು ಜನ ಕಟ್ಟಿದ ಸುಮಾರು 50 ಹೆಕ್ಟೇರಿನ ಈ ಕೆರೆ 2024ರ ಆರಂಭದಲ್ಲಿ ರಾಮ್ಸಾರ್ ತಾಣವೆಂಬ ಮನ್ನಣೆ ಪಡೆಯಿತು. ಅದರ ಜೊತೆಗೇ ಮನ್ನಣೆ ಪಡೆದ ಇನ್ನೊಂದು ತಾಣ ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಉಪ್ಪುನೀರಿನ ಆ ಅಳಿವೆಯ ಗಜನಿಗಳಲ್ಲಿ ರೈತರು ಉಪ್ಪು ತಾಳುವ ಕಗ್ಗ ಭತ್ತವನ್ನು ಬೆಳೆದವರು. ಒಂದು ಸಿಹಿನೀರಿನ ಕೆರೆ, ಒಂದು ಉಪ್ಪುನೀರಿನ ಅಳಿವೆ. ನೀರು ಮತ್ತು ಉಪ್ಪಿನ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದೇ ಎರಡರ ಸಂರಕ್ಷಣೆಯ ಮೊದಲ ಪಾಠ. ಮಾಗಡಿಗೆ ಹೋದಾಗ ಆಕಾಶದ ಹಕ್ಕಿಗಳನ್ನು ಮನದಣಿಯೆ ನೋಡಿ. ಆಮೇಲೆ ಒಂದೆರಡು ನಿಮಿಷ ಕಾಲ ಬಳಿಯ ನೆಲವನ್ನೂ ಗಮನಿಸಿ. ಅದು ಸಂರಕ್ಷಿತ ತಾಣ, ಅಲ್ಲಿ ಏನನ್ನೂ ಕೀಳಬಾರದು.

ರುದಂತಿಯ ಕಣ್ಣೀರಿನಲ್ಲಿ ಚಿನ್ನವಿಲ್ಲ. ಅದರಲ್ಲಿ ಇರುವುದು ಮಣ್ಣಿನಿಂದ ಮೇಲೆ ಬಂದ ಉಪ್ಪು. ಅದನ್ನು ಉಪ್ಪೆಂದು ಗುರುತಿಸಿ ಸಕಾಲದಲ್ಲಿ ಬಸಿಗಾಲುವೆ ತೋಡಿದ ಊರಿನ ಎರೆ ಹೊಲದಲ್ಲಿ ಜೋಳ, ಕಡಲೆಗಳು ಮೊದಲಿನಂತೆಯೇ ಬೆಳೆದಾವು.